ಎಂಟು ರಾತ್ರಿಯ ಹಬ್ಬಕ್ಕೆ ಒಂಬತ್ತನೆಯ ದೀಪ ಏಕೆ?

ಓದುಗರ ಪ್ರಶ್ನೆ: ಡಿಸೆಂಬರ್ ಬಂತೆಂದರೆ ಪತ್ರಿಕೆಗಳಲ್ಲಿ ಯಹೂದಿಗಳ ಹನುಕ್ಕಾ ಹಬ್ಬದ ಚಿತ್ರ ಬರುತ್ತದೆ. ‘ಎಂಟು ದಿನಗಳ ದೀಪದ ಹಬ್ಬ’ ಎಂದು ಕೆಳಗೆ ಬರೆದಿರುತ್ತಾರೆ. ಎಣಿಸಿ ನೋಡಿದರೆ ದೀಪದಲ್ಲಿ ಒಂಬತ್ತು ಮೇಣದಬತ್ತಿಗಳಿರುತ್ತವೆ. ಇಸ್ರೇಲ್ ದೇಶದ ಲಾಂಛನದಲ್ಲಿರುವ ದೀಪಕ್ಕೋ ಏಳೇ ಕವಲು. ಇವುಗಳಲ್ಲಿ ಯಾವ ಲೆಕ್ಕ ಸರಿ?

ಉತ್ತರ: ಮೂರೂ ಸರಿ. ಏಳು ಕವಲಿನದು ಬೇರೆಯೇ ದೀಪ. ಅದರ ಸಂಗತಿಯನ್ನು ಆಮೇಲೆ ಹೇಳುತ್ತೇನೆ. ಒಂಬತ್ತರಲ್ಲಿ ಹಬ್ಬದ ದೀಪಗಳು ಎಂಟು, ರಾತ್ರಿಗೊಂದರಂತೆ. ಮಿಕ್ಕ ಒಂದು, ಆ ಎಂಟರ ಊಳಿಗಕ್ಕೆ ನಿಂತ ಆಳು. ಉಪಮೆಗಾಗಿ ಹೀಗೆ ಹೇಳುತ್ತಿಲ್ಲ. ಹೀಬ್ರೂ ಭಾಷೆಯಲ್ಲಿ ಅದರ ಹೆಸರೇ ‘ಶಮಾಶ್’; ಸೇವೆ ಮಾಡುವವನು ಎಂದು ಅರ್ಥ. ಯಹೂದಿಗಳ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನ ಪರಿಚಾರಕನಿಗೂ ಇದೇ ಹೆಸರು. ಚಿತ್ರವನ್ನು ಇನ್ನೊಮ್ಮೆ ನೋಡಿ: ಎಂಟು ಬತ್ತಿಗಳು ಒಂದೇ ಸಾಲಿನಲ್ಲಿ, ಒಂದೇ ಎತ್ತರದಲ್ಲಿರುತ್ತವೆ. ಒಂಬತ್ತನೆಯದು ತುಸು ಮೇಲಕ್ಕೋ ಪಕ್ಕಕ್ಕೋ ಮುಂದಕ್ಕೋ ಸರಿದು ನಿಂತಿರುತ್ತದೆ. ಆಳು ಎತ್ತರದಲ್ಲಿ, ಒಡೆಯರು ತಗ್ಗಿನಲ್ಲಿ ನಿಂತಿರುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಅದು ಆ ಸಾಲಿಗೆ ಸೇರಿದ್ದಲ್ಲ ಎಂದು ನೋಡಿದವರಿಗೆ ತಟ್ಟನೆ ತಿಳಿಯಬೇಕು, ಅಷ್ಟೇ.

ಆಳು ಮಾಡುವ ಕೆಲಸವಾದರೂ ಏನು? ‘ಉಳಿದ ಬತ್ತಿಗಳನ್ನು ಹೊತ್ತಿಸಲು ಒಂದು ಬತ್ತಿ ಬೇಕಲ್ಲ, ಅದಕ್ಕಾಗಿ’ ಎಂಬ ಉತ್ತರ ಎಲ್ಲ ಕಡೆ ಸಿಗುತ್ತದೆ. ಸುಳ್ಳೇನಲ್ಲ, ಆದರೆ ಅರ್ಧ ಉತ್ತರ. ಹೊತ್ತಿಸುವುದಷ್ಟೇ ಆಗಿದ್ದರೆ ಬೆಂಕಿಕಡ್ಡಿ ಸಾಕಿತ್ತು. ಹೊತ್ತಿಸಿದ ಮೇಲೂ ಆ ಬತ್ತಿಯನ್ನು ದೀಪದಲ್ಲೇ ನಿಲ್ಲಿಸಿ ಉರಿಯಲು ಬಿಡುವ ಅಗತ್ಯವಿರಲಿಲ್ಲ. ಸ್ಪೇನ್ ಮೂಲದ ಪರಂಪರೆಯನ್ನು ಅನುಸರಿಸುವ ಸೆಫಾರ್ದಿ ಯಹೂದಿಗಳ ಎಷ್ಟೋ ಮನೆಗಳಲ್ಲಿ ಹಬ್ಬದ ಬತ್ತಿಗಳನ್ನು ಬೇರೊಂದು ಮೇಣದಬತ್ತಿಯಿಂದ ಹೊತ್ತಿಸಿ, ಶಮಾಶನ್ನು ಎಲ್ಲಕ್ಕಿಂತ ಕೊನೆಗೆ ಹಚ್ಚುತ್ತಾರೆ. ಅಲ್ಲಿ ಅದು ಯಾವ ಬತ್ತಿಯನ್ನೂ ಹೊತ್ತಿಸುವುದಿಲ್ಲ. ಆದರೂ ಇರಲೇಬೇಕು.

ಇರಲೇಬೇಕಾದ ಕಾರಣ ಇದು: ಹನುಕ್ಕಾದ ಎಂಟು ದೀಪಗಳ ಬೆಳಕನ್ನು ಯಾವ ಕೆಲಸಕ್ಕೂ ಬಳಸುವಂತಿಲ್ಲ. ಆ ಬೆಳಕಿನಲ್ಲಿ ಓದಬಾರದು, ಹೊಲಿಯಬಾರದು, ಉಣ್ಣಬಾರದು. ನೋಡಬಹುದು, ಅಷ್ಟೇ. ದೀಪ ಹಚ್ಚಿದ ಮೇಲೆ ಹೇಳುವ ‘ಹನೆರೋತ್ ಹಲ್ಲಲು’ ಎಂಬ ಪಠ್ಯದಲ್ಲಿ ಈ ಮಾತು ನೇರವಾಗಿಯೇ ಇದೆ: ಈ ದೀಪಗಳು ಪವಿತ್ರ, ಇವನ್ನು ಬಳಸಲು ನಮಗೆ ಅಪ್ಪಣೆಯಿಲ್ಲ, ನೋಡಲು ಮಾತ್ರ ಇದೆ. ಆದರೆ ಕತ್ತಲ ಕೋಣೆಯಲ್ಲಿ ಎಂಟು ಬತ್ತಿ ಉರಿಯುತ್ತಿರುವಾಗ ಆ ಬೆಳಕನ್ನು ಬಳಸದೆ ಇರುವುದು ಹೇಗೆ? ಬಿದ್ದ ಸೂಜಿಗಾಗಿ ಕಣ್ಣಾಡಿಸಿದರೂ ಬಳಸಿದಂತಾಯಿತು. ಅದಕ್ಕಾಗಿ ಹತ್ತಿರದಲ್ಲೇ ಇನ್ನೊಂದು ದೀಪವಿಟ್ಟರು. ಕಣ್ಣಿಗೆ ಕಂಡದ್ದೆಲ್ಲ ಆಳಿನ ಬೆಳಕಿನ ಲೆಕ್ಕಕ್ಕೆ ಹೋಗುತ್ತದೆ, ಎಂಟರ ತಂಟೆಗೆ ಯಾರೂ ಹೋದಂತಾಗುವುದಿಲ್ಲ. ಶಮಾಶನ ನಿಜವಾದ ಉದ್ಯೋಗ ಇದು.

ಈ ನಿಯಮ ಬರುವುದು ತಾಲ್ಮುದ್‌ನಲ್ಲಿ. ಇಂದಿನ ಇರಾಕ್‌ನ ನೆಲದಲ್ಲಿದ್ದ ಬ್ಯಾಬಿಲೋನಿಯಾದ ಯಹೂದಿ ವಿದ್ವಾಂಸರ ವಾದ ವಿವಾದಗಳೆಲ್ಲ ಒಟ್ಟುಗೂಡಿದ ಬೃಹತ್ ಗ್ರಂಥ ಅದು. ಹನುಕ್ಕಾಕ್ಕೆಂದು ಅದರಲ್ಲಿ ಪ್ರತ್ಯೇಕ ಭಾಗವೇ ಇಲ್ಲ. ಶನಿವಾರದ ವಿಶ್ರಾಂತಿಯ ದಿನವಾದ ಸಬ್ಬತ್‌ಗಾಗಿ ಹಚ್ಚಿಡುವ ದೀಪಕ್ಕೆ ಯಾವ ಬತ್ತಿ ಆಗುತ್ತದೆ, ಯಾವ ಎಣ್ಣೆ ಆಗದು ಎಂದು ಚರ್ಚೆ ನಡೆಯುತ್ತಿರುತ್ತದೆ. ‘ಸಬ್ಬತ್ತಿಗೆ ಆಗದ ಬತ್ತಿ ಹನುಕ್ಕಾಕ್ಕೆ ಆಗುತ್ತದೆಯೇ?’ ಎಂದು ಮಾತಿನ ನಡುವೆ ವಿಷಯ ಹೊರಳಿ, ಹಬ್ಬದ ಇಡೀ ಕಟ್ಟಳೆ ಕೆಲವು ಪುಟಗಳಲ್ಲಿ ಬಂದುಹೋಗುತ್ತದೆ. ನಮ್ಮ ಜಗಲಿಕಟ್ಟೆಯ ಮಾತುಕತೆಯೂ ಹೀಗೇ ಒಂದರಿಂದ ಇನ್ನೊಂದಕ್ಕೆ ಹರಿಯುತ್ತದಲ್ಲ. ರಾವಾ ಎಂಬ ವಿದ್ವಾಂಸ ಅಲ್ಲಿ ಹೇಳುತ್ತಾನೆ: ಬೆಳಕನ್ನು ಬಳಸಲು ಇನ್ನೊಂದು ದೀಪ ಬೇಕು. ಮನೆಯಲ್ಲಿ ಒಲೆಯ ಬೆಂಕಿಯಿದ್ದರೆ ಬೇಡ. ಆದರೆ ಮನೆಯ ಯಜಮಾನ ದೊಡ್ಡ ಮನುಷ್ಯನಾಗಿದ್ದರೆ, ಬೆಂಕಿಯಿದ್ದರೂ ದೀಪ ಬೇಕು. ದೊಡ್ಡ ಮನುಷ್ಯರು ಒಲೆಯ ಬೆಳಕಿನಲ್ಲಿ ಕೂತು ಕೆಲಸ ಮಾಡುವುದಿಲ್ಲವಲ್ಲ, ಹಾಗಾಗಿ ಅವರು ಹಬ್ಬದ ದೀಪದ ಬೆಳಕನ್ನೇ ಬಳಸುತ್ತಿದ್ದಾರೆ ಎಂದು ಕಂಡವರು ತಿಳಿದಾರು.

ಇದೇ ಪುಟಗಳಲ್ಲಿ ನನಗೆ ಬಹಳ ಇಷ್ಟವಾದ ಸಾಲೊಂದಿದೆ: ಹನುಕ್ಕಾ ದೀಪದ ಬೆಳಕಿನಲ್ಲಿ ದುಡ್ಡು ಎಣಿಸಬಾರದು. ಈ ನಿಯಮವನ್ನು ಕೇಳಿದ ಶಮುಯೆಲ್ ಎಂಬ ವಿದ್ವಾಂಸನಿಗೆ ಅಚ್ಚರಿಯಾಗುತ್ತದೆ. ‘ದೀಪಕ್ಕೇನು ಪಾವಿತ್ರ್ಯವಿದೆಯೇ?’ ಎಂದು ಕೇಳಿಬಿಡುತ್ತಾನೆ. ದೇವರ ಆಜ್ಞೆಯಂತೆ ಮಾಡಿದ್ದನ್ನು ಹಗುರವಾಗಿ ಕಾಣಬಾರದು ಎಂಬ ಅರ್ಥದ ಉತ್ತರ ಸಿಗುತ್ತದೆ. ಎಣ್ಣೆಗಾಗಲಿ ಬತ್ತಿಗಾಗಲಿ ತನ್ನದೇ ಆದ ಮಹಿಮೆಯೇನಿಲ್ಲ. ಅದನ್ನು ಯಾತಕ್ಕಾಗಿ ಹಚ್ಚಿದೆವೋ ಅದಕ್ಕೆ ಮರ್ಯಾದೆ. ಜೆರುಸಲೇಮಿನ ಹಳೆಯ ದೇವಾಲಯದ ದೀಪದ ಬೆಳಕನ್ನು ಯಾರೂ ಸ್ವಂತಕ್ಕೆ ಬಳಸುತ್ತಿರಲಿಲ್ಲ, ಮನೆಯ ಈ ದೀಪಗಳು ಅದರ ನೆನಪಿಗೆ ಹಚ್ಚಿದವು ಎಂದು ಮುಂದಿನ ಕಾಲದ ವ್ಯಾಖ್ಯಾನಕಾರರು ಇನ್ನೊಂದು ಕಾರಣ ಕೊಟ್ಟರು.

ಏಳು ಕವಲಿನ ಲೆಕ್ಕ ಇಲ್ಲಿಗೆ ಬಂದು ಸೇರುತ್ತದೆ. ದೇವಾಲಯದಲ್ಲಿದ್ದದ್ದು ‘ಮೆನೋರಾ’, ಬಂಗಾರದ ಏಳು ಕವಲಿನ ದೀಪ. ಇಸ್ರೇಲಿನ ಲಾಂಛನದಲ್ಲಿರುವುದು ಅದು. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ನೆಲಸಮ ಮಾಡಿ ಅದರ ಸಾಮಗ್ರಿಯನ್ನು ಹೊತ್ತೊಯ್ದರು. ರೋಮ್ ನಗರದ ಟೈಟಸ್ ಕಮಾನಿನ ಒಳಗೋಡೆಯಲ್ಲಿ ಸೈನಿಕರು ಆ ದೀಪವನ್ನು ಹೆಗಲ ಮೇಲೆ ಹೊತ್ತು ಸಾಗುವ ಕೆತ್ತನೆ ಇಂದಿಗೂ ಇದೆ. ದೇವಾಲಯದ ಆ ದೀಪದ ತದ್ರೂಪನ್ನು ಮನೆಗೆ ಮಾಡಿಸಿಕೊಳ್ಳಬಾರದು, ಐದು, ಆರು ಅಥವಾ ಎಂಟು ಕವಲಿನದಾದರೆ ಅಡ್ಡಿಯಿಲ್ಲ ಎಂದು ತಾಲ್ಮುದ್ ಹೇಳುತ್ತದೆ. ಹಬ್ಬದ ಎಂಟು ಮತ್ತು ಆಳಿನ ಒಂದು ಕವಲಿರುವ ದೀಪಕ್ಕೆ ಆಧುನಿಕ ಹೀಬ್ರೂವಿನಲ್ಲಿ ‘ಹನುಕ್ಕಿಯಾ’ ಎಂಬ ಪ್ರತ್ಯೇಕ ಹೆಸರಿದೆ. ಹಾಗೆಂದು ಕವಲು ಇರಲೇಬೇಕೆಂದಿಲ್ಲ. ಯೆಮೆನ್‌ನ ಯಹೂದಿಗಳು ಕಲ್ಲಿನಲ್ಲಿ ಎಂಟು ಗುಳಿ ಕೊರೆದು ಎಣ್ಣೆ ಹಾಕುತ್ತಿದ್ದರು. ಮೊರಾಕ್ಕೋದವರದು ಗೋಡೆಗೆ ತೂಗುಹಾಕುವ ಹಿತ್ತಾಳೆಯ ದೀಪ. ಎಂಟು ಹಣತೆಗಳನ್ನು ಸಾಲಾಗಿ ಇಟ್ಟು, ಒಂಬತ್ತನೆಯದನ್ನು ತುಸು ದೂರ ಸರಿಸಿದರೂ ಹನುಕ್ಕಾ ನಡೆಯುತ್ತದೆ.

ಎಂಟೇ ಏಕೆ ಎನ್ನುವುದಕ್ಕೆ ಇತಿಹಾಸಕ್ಕೆ ಹೋಗಬೇಕು. ಕ್ರಿ.ಪೂ. ಎರಡನೆಯ ಶತಮಾನದಲ್ಲಿ ಜೆರುಸಲೇಮಿನ ಸುತ್ತಲಿನ ಜುದೇಯ ನಾಡು ಸಿರಿಯಾದಿಂದ ಆಳುತ್ತಿದ್ದ ಗ್ರೀಕ್ ಮೂಲದ ಸೆಲ್ಯೂಸಿಡ್ ದೊರೆಗಳ ಕೈಯಲ್ಲಿತ್ತು. ನಾಲ್ಕನೆಯ ಆಂಟಿಯೋಕಸ್ ಕ್ರಿ.ಪೂ. 167ರಲ್ಲಿ ಸಬ್ಬತ್ ಆಚರಣೆಯನ್ನೂ ಸುನ್ನತಿಯನ್ನೂ ನಿಷೇಧಿಸಿದ; ಜೆರುಸಲೇಮಿನ ದೇವಾಲಯದಲ್ಲಿ ಅನ್ಯ ದೇವತೆಗೆ ಬಲಿ ಕೊಡಿಸಿದ. ಮೋದಿಇನ್ ಎಂಬ ಊರಿನ ಮತ್ತತೀಯ ಎಂಬ ಪುರೋಹಿತ ಐವರು ಗಂಡುಮಕ್ಕಳೊಂದಿಗೆ ಬೆಟ್ಟ ಹತ್ತಿ ದಂಗೆ ಎದ್ದ. ಮಗ ಯೂದ ಮಕ್ಕಬಿಯ ಮುಂದಾಳುತನದಲ್ಲಿ ಮೂರು ವರ್ಷದೊಳಗೆ ದೇವಾಲಯ ಮತ್ತೆ ಅವರ ಕೈಸೇರಿತು. ಕ್ರಿ.ಪೂ. 164ರಲ್ಲಿ, ಹೀಬ್ರೂ ಪಂಚಾಂಗದ ಕಿಸ್ಲೇವ್ ತಿಂಗಳ 25ರಂದು ಅದರ ಪುನಃಪ್ರತಿಷ್ಠೆ ನಡೆಯಿತು. ‘ಹನುಕ್ಕಾ’ ಎಂದರೆ ಪ್ರತಿಷ್ಠೆ. ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು ಜೆರುಸಲೇಮಿನಲ್ಲಿದ್ದಾಗ ಚಳಿಗಾಲದಲ್ಲಿ ನಡೆಯುತ್ತಿದ್ದ ಪ್ರತಿಷ್ಠೆಯ ಹಬ್ಬದ ಮಾತು ಬರುತ್ತದೆ. ಬೈಬಲ್ ಓದಿದವರು ಅದನ್ನು ಗಮನಿಸಿರಬಹುದು. ಈ ಹಬ್ಬವೇ ಅದು.

ಇಲ್ಲೊಂದು ಸ್ವಾರಸ್ಯವಿದೆ. ಈ ದಂಗೆಯ ಕಥೆ ಹೇಳುವ, ಆ ಕಾಲಕ್ಕೆ ಹತ್ತಿರದ್ದಾದ ಮಕ್ಕಬಿಯರ ಮೊದಲ ಗ್ರಂಥ ಪುನಃಪ್ರತಿಷ್ಠೆಯನ್ನು ವಿವರವಾಗಿ ಬಣ್ಣಿಸುತ್ತದೆ. ಮೈಲಿಗೆಯಾದ ಬಲಿಪೀಠವನ್ನು ಕೆಡವಿದರಂತೆ. ಆದರೆ ಅದರ ಕಲ್ಲುಗಳನ್ನು ಎಸೆಯಲು ಮನಸ್ಸು ಬಾರದೆ, ಮುಂದೆ ಯಾರಾದರೂ ಪ್ರವಾದಿ ಬಂದು ಏನು ಮಾಡಬೇಕೆಂದು ಹೇಳುವವರೆಗೆ ಇರಲಿ ಎಂದು ಗುಡ್ಡದ ಮೇಲೆ ಒಂದು ಕಡೆ ಇರಿಸಿದರಂತೆ. ಇಷ್ಟು ಸಣ್ಣ ವಿವರವನ್ನೂ ಬಿಡದ ಗ್ರಂಥದಲ್ಲಿ ಎಣ್ಣೆಯ ಪವಾಡದ ಸುಳಿವೇ ಇಲ್ಲ. ಎರಡನೆಯ ಗ್ರಂಥ ಎಂಟು ದಿನಕ್ಕೆ ಬೇರೆ ಕಾರಣ ಕೊಡುತ್ತದೆ: ಬೆಟ್ಟಗಳಲ್ಲಿ ಅಡಗಿಕೊಂಡಿದ್ದಾಗ ‘ಸುಕ್ಕೋತ್’ ಎಂಬ ಪರ್ಣಕುಟೀರಗಳ ಹಬ್ಬವನ್ನು ಸರಿಯಾಗಿ ಆಚರಿಸಲಾಗಿರಲಿಲ್ಲ, ಅದನ್ನು ನೆನೆದು, ಅದರಂತೆಯೇ ಎಂಟು ದಿನ ಸಂಭ್ರಮಿಸಿದರು. ಕ್ರಿ.ಶ. ಒಂದನೆಯ ಶತಮಾನದ ಇತಿಹಾಸಕಾರ ಜೋಸೆಫಸ್ ಹಬ್ಬವನ್ನು ‘ಬೆಳಕುಗಳು’ ಎಂದೇ ಕರೆಯುತ್ತಾನೆ, ಆದರೆ ಕಾರಣ ಹೇಳುವಾಗ ಊಹಿಸುತ್ತಾನೆ: ನಿರೀಕ್ಷೆಯೇ ಇಲ್ಲದ ಹೊತ್ತಿನಲ್ಲಿ ಸ್ವಾತಂತ್ರ್ಯ ಕಣ್ಣಿಗೆ ಬಿದ್ದದ್ದರಿಂದ ಇರಬಹುದು ಎನ್ನುತ್ತಾನೆ. ಎಣ್ಣೆಯ ಮಾತು ಅವನಲ್ಲೂ ಇಲ್ಲ.

ಎಣ್ಣೆಯ ಕುಡಿಕೆ ಬರುವುದು ತಾಲ್ಮುದ್‌ನಲ್ಲೇ. ‘ಹನುಕ್ಕಾ ಎಂದರೇನು?’ ಎಂದು ಅದು ಕೇಳಿಕೊಳ್ಳುತ್ತದೆ. ಘಟನೆ ನಡೆದು ನೂರಾರು ವರ್ಷಗಳ ಮೇಲೆ, ಮನೆಮನೆಯಲ್ಲೂ ಆಚರಿಸುತ್ತಿದ್ದ ಹಬ್ಬದ ಬಗ್ಗೆ ಹೀಗೆ ಕೇಳಬೇಕಾಯಿತೆಂದರೆ, ನಮ್ಮ ಓದುಗರ ಪ್ರಶ್ನೆ ತಡವಾಗಿ ಬಂದದ್ದೇನಲ್ಲ. ಉತ್ತರ ಹೀಗಿದೆ: ಗ್ರೀಕರು ಒಳಹೊಕ್ಕು ದೇವಾಲಯದ ಎಣ್ಣೆಯನ್ನೆಲ್ಲ ಮೈಲಿಗೆ ಮಾಡಿದ್ದರು. ಗೆದ್ದವರು ಹುಡುಕಿದಾಗ ಮಹಾಯಾಜಕನ ಮುದ್ರೆ ಒಡೆಯದೆ ಉಳಿದಿದ್ದ ಒಂದೇ ಕುಡಿಕೆ ಸಿಕ್ಕಿತು. ಅದರಲ್ಲಿದ್ದದ್ದು ಒಂದು ದಿನಕ್ಕಾಗುವಷ್ಟು ಎಣ್ಣೆ. ಅದು ಎಂಟು ದಿನ ಉರಿಯಿತು. ಕತ್ತಿಯ ಕಥೆ ಹಿಂದೆ ಸರಿದು ಕುಡಿಕೆಯ ಕಥೆ ಮುಂದೆ ಬಂದದ್ದು ಸುಮ್ಮನೆ ಅಲ್ಲವೆಂದು ನನಗನಿಸುತ್ತದೆ. ಮಕ್ಕಬಿಯರ ವಂಶದವರು ಮುಂದೆ ತಾವೇ ರಾಜರಾಗಿ ಕಿತ್ತಾಡಿದರು; ರೋಮಿನ ವಿರುದ್ಧ ಎದ್ದ ದಂಗೆಗಳು ಸರ್ವನಾಶ ತಂದವು. ಅದನ್ನೆಲ್ಲ ಕಂಡ ಮೇಲೆ ಬಂದ ವಿದ್ವಾಂಸರಿಗೆ, ಮಕ್ಕಳಿಗೆ ಹೇಳಿಕೊಡಲು ಯುದ್ಧಕ್ಕಿಂತ ಎಣ್ಣೆ ಮೇಲೆನಿಸಿದ್ದರೆ ಅಚ್ಚರಿಯಿಲ್ಲ.

ಲೆಕ್ಕ ಬಲ್ಲವರು ಇಲ್ಲಿ ತಡೆದು ಕೇಳುತ್ತಾರೆ: ಒಂದು ದಿನಕ್ಕೆ ಸಾಕಾಗುವಷ್ಟು ಎಣ್ಣೆ ಇತ್ತಲ್ಲ, ಹಾಗಿದ್ದರೆ ಮೊದಲ ದಿನ ಉರಿದದ್ದರಲ್ಲಿ ಪವಾಡವೇನು? ಪವಾಡ ಏಳೇ ದಿನದ್ದಾಯಿತು, ಹಬ್ಬ ಎಂಟು ದಿನ ಏಕೆ? ಹದಿನಾರನೆಯ ಶತಮಾನದ ಧರ್ಮಶಾಸ್ತ್ರಜ್ಞ ಯೋಸೆಫ್ ಕಾರೋ ಎತ್ತಿದ ಈ ಪ್ರಶ್ನೆ ಎಷ್ಟು ಹೆಸರಾಯಿತೆಂದರೆ, ಅದಕ್ಕೆ ಉತ್ತರ ಹೊಸೆಯುವುದೇ ಒಂದು ವಿದ್ಯೆಯಾಗಿ ಬೆಳೆಯಿತು. ಎಣ್ಣೆಯನ್ನು ಮೊದಲೇ ಎಂಟು ಪಾಲು ಮಾಡಿದ್ದರು, ಒಂದೊಂದು ಪಾಲೂ ಇಡೀ ದಿನ ಉರಿಯಿತು. ದೀಪಕ್ಕೆ ಸುರಿದ ಮೇಲೂ ಕುಡಿಕೆ ತುಂಬಿಯೇ ಇತ್ತು. ಮೊದಲ ದಿನದ ಹಬ್ಬ ಗೆಲುವಿನದು, ಮಿಕ್ಕ ಏಳು ಎಣ್ಣೆಯವು. ಕೊನೆಯ ಉತ್ತರ ನನಗೆ ಹೆಚ್ಚು ಹಿಡಿಸಿತು. ಕತ್ತಿಗೆ ಒಂದು ದಿನ ಬಿಟ್ಟುಕೊಟ್ಟಂತಾಯಿತು.

ಇನ್ನು ಹಚ್ಚುವ ಕ್ರಮ. ಮೂಲ ನಿಯಮ ಬಲು ಸರಳ: ರಾತ್ರಿಗೆ, ಮನೆಗೆ, ಒಂದು ದೀಪ. ಎಂಟನೆಯ ರಾತ್ರಿಯೂ ಒಂದೇ. ಇನ್ನಷ್ಟು ಶ್ರದ್ಧೆಯುಳ್ಳವರು ಮನೆಯ ಒಬ್ಬೊಬ್ಬರಿಗೆ ಒಂದೊಂದು ಹಚ್ಚಬಹುದು. ಶ್ರದ್ಧಾವಂತರಲ್ಲೇ ಶ್ರದ್ಧಾವಂತರು ದಿನಕ್ಕೆ ತಕ್ಕಂತೆ ಎಣಿಕೆ ಬದಲಿಸಬೇಕು. ಇಲ್ಲಿ ಎರಡು ಗುರುಪರಂಪರೆಗಳ ಜಗಳ. ಶಮ್ಮಾಯ್ ಪರಂಪರೆಯವರು ಮೊದಲ ರಾತ್ರಿ ಎಂಟು ಹಚ್ಚಿ, ದಿನಕ್ಕೊಂದು ಇಳಿಸುತ್ತ ಬನ್ನಿ ಎಂದರು. ಹಿಲ್ಲೆಲ್ ಪರಂಪರೆಯವರು ಒಂದರಿಂದ ಶುರುಮಾಡಿ ಏರಿಸುತ್ತ ಹೋಗಿ ಎಂದರು. ಶಮ್ಮಾಯ್ ಕಡೆಯವರು ಎಣಿಸಿದ್ದು ಇನ್ನು ಉಳಿದ ದಿನಗಳನ್ನು, ಹಿಲ್ಲೆಲ್ ಕಡೆಯವರು ಕಳೆದ ದಿನಗಳನ್ನು. ಸುಕ್ಕೋತ್ ಹಬ್ಬದಲ್ಲಿ ದೇವಾಲಯಕ್ಕೆ ಕೊಡುತ್ತಿದ್ದ ಹೋರಿಗಳ ಬಲಿ ಮೊದಲ ದಿನ ಹದಿಮೂರು, ಮರುದಿನ ಹನ್ನೆರಡು, ಹೀಗೆ ಇಳಿಯುತ್ತಿತ್ತು. ಶಮ್ಮಾಯ್ ಲೆಕ್ಕಕ್ಕೆ ಅದು ಮಾದರಿ ಎಂಬ ವಿವರಣೆಯೂ ಇದೆ. ಎರಡನೆಯ ಮಕ್ಕಬಿ ಗ್ರಂಥದ ಸುಕ್ಕೋತ್ ನೆನಪನ್ನು ಇದಕ್ಕೆ ಜೋಡಿಸಿ ನೋಡಿದರೆ, ಹಬ್ಬದ ಹಳೆಯ ಬೇರು ಇಲ್ಲಿ ಇಣುಕಿದಂತೆ ತೋರುತ್ತದೆ. ಹಿಲ್ಲೆಲ್ ಕಡೆಯವರ ಸಮರ್ಥನೆ ಚಿಕ್ಕದು: ಪವಿತ್ರವಾದುದರಲ್ಲಿ ಏರಬೇಕು, ಇಳಿಯಬಾರದು. ಸಿದೋನ್ ಪಟ್ಟಣದ ಇಬ್ಬರು ಹಿರಿಯರಲ್ಲಿ ಒಬ್ಬ ಹೀಗೂ ಇನ್ನೊಬ್ಬ ಹಾಗೂ ಹಚ್ಚುತ್ತಿದ್ದರೆಂದು ತಾಲ್ಮುದ್ ದಾಖಲಿಸಿದೆ. ಕೊನೆಗೆ ಗೆದ್ದದ್ದು ಹಿಲ್ಲೆಲ್. ಇಂದು ಜಗತ್ತಿನಲ್ಲೆಲ್ಲ ಏರಿಕೆಯ ಲೆಕ್ಕವೇ ನಡೆಯುತ್ತದೆ.

ಹೀಗಾಗಿ ಒಂದು ಮನೆಯ ಹಬ್ಬಕ್ಕೆ ಒಂದರಿಂದ ಎಂಟರವರೆಗೆ ಕೂಡಿ ಮೂವತ್ತಾರು ಬತ್ತಿ, ರಾತ್ರಿಗೊಂದರಂತೆ ಎಂಟು ಶಮಾಶ್, ಒಟ್ಟು 44. ಅಂಗಡಿಯಲ್ಲಿ ಸಿಗುವ ಹನುಕ್ಕಾ ಮೇಣದಬತ್ತಿಯ ಪೆಟ್ಟಿಗೆಯಲ್ಲಿ ಅಷ್ಟೇ ಇರುತ್ತವೆ. ಒಂದು ಮುರಿದರೆ ಎಂಟನೆಯ ರಾತ್ರಿ ಪೇಚಾಟ. ಬತ್ತಿಗಳನ್ನು ಬಲಗಡೆಯಿಂದ ಎಡಕ್ಕೆ ಜೋಡಿಸುತ್ತಾರೆ, ಹಚ್ಚುವಾಗ ಎಡಗಡೆಯಿಂದ ಬಲಕ್ಕೆ ಬರುತ್ತಾರೆ. ಅಂದರೆ ಆ ದಿನ ಹೊಸದಾಗಿ ಸೇರಿದ ಬತ್ತಿಗೆ ಮೊದಲ ಬೆಂಕಿ. ಹಚ್ಚುವ ಮುನ್ನ ಎರಡು ಸ್ತುತಿವಾಕ್ಯ ಹೇಳುತ್ತಾರೆ. ಮೊದಲ ರಾತ್ರಿ, ಈ ಕಾಲವನ್ನು ಕಾಣುವಂತೆ ಬದುಕಿಸಿದ್ದಕ್ಕೆ ಕೃತಜ್ಞತೆಯ ಮೂರನೆಯದೊಂದು ಸೇರುತ್ತದೆ. ಶುಕ್ರವಾರ ಮಾತ್ರ ಎಚ್ಚರ ಬೇಕು. ಆ ಸಂಜೆಯೇ ಸಬ್ಬತ್ ಶುರುವಾಗುತ್ತದೆ; ಆಮೇಲೆ ಬೆಂಕಿ ಹೊತ್ತಿಸುವಂತಿಲ್ಲವಾದ್ದರಿಂದ ಸೂರ್ಯ ಮುಳುಗುವ ಮೊದಲೇ, ಸಬ್ಬತ್ ದೀಪಕ್ಕಿಂತಲೂ ಮುಂಚೆ ಹನುಕ್ಕಾ ದೀಪ ಹಚ್ಚಬೇಕು. ಅದು ಕತ್ತಲಾದ ಮೇಲೂ ಅರ್ಧ ಗಂಟೆ ಉರಿಯಬೇಕಾದ್ದರಿಂದ ಆ ದಿನಕ್ಕೆ ದಪ್ಪ ಬತ್ತಿ, ಇಲ್ಲವೇ ಹೆಚ್ಚು ಎಣ್ಣೆ.

ಎಣ್ಣೆ ಯಾವುದಾದರೂ ಆದೀತು, ಆಲಿವ್ ಎಣ್ಣೆ ಶ್ರೇಷ್ಠ ಎಂಬುದು ಶಾಸ್ತ್ರದ ಮಾತು. ತಾಲ್ಮುದ್‌ನ ಗುರುವೊಬ್ಬ ಮೊದಮೊದಲು ಎಳ್ಳೆಣ್ಣೆಯನ್ನೇ ಹುಡುಕುತ್ತಿದ್ದನಂತೆ, ಅದು ಹೆಚ್ಚು ಹೊತ್ತು ಉರಿಯುತ್ತದೆಂದು. ಆಲಿವ್ ಎಣ್ಣೆಯ ಹಿರಿಮೆ ಕೇಳಿದ ಮೇಲೆ, ಅದರ ಬೆಳಕು ತಿಳಿಯಾಗಿರುತ್ತದೆಂದು ಅದಕ್ಕೆ ಬದಲಾದ. ದೀಪಕ್ಕೆ ಎಳ್ಳೆಣ್ಣೆಯೋ ತುಪ್ಪವೋ ಎಂದು ಚರ್ಚಿಸುವ ನಮ್ಮ ಮನೆಗಳ ಹಿರಿಯರಿಗೆ ಈ ಮನುಷ್ಯ ಅಪರಿಚಿತನಾಗಿ ಕಾಣಲಾರ.

ಆದರೆ ದೀಪ ನಡುವೆ ಆರಿಹೋದರೆ? ದೀಪ ‘ಆರಿಸು’ ಎನ್ನಲೂ ಹಿಂಜರಿದು ‘ದೊಡ್ಡದು ಮಾಡು’ ಎನ್ನುವವರು ನಾವು. ಆರತಿಯ ನಡುವೆ ಬತ್ತಿ ನಂದಿದರೆ ನಮ್ಮ ಎದೆ ಧಸಕ್ಕೆನ್ನುತ್ತದೆ. ಅವರ ಶಾಸ್ತ್ರ ಇಲ್ಲಿ ನಿರಾಳ. ಹಚ್ಚುವ ಕ್ರಿಯೆಯಲ್ಲೇ ಆಜ್ಞೆ ಪೂರ್ತಿಯಾಯಿತು. ಸಾಕಷ್ಟು ಎಣ್ಣೆ ಹಾಕಿ, ತಕ್ಕ ಜಾಗದಲ್ಲಿಟ್ಟು ಹಚ್ಚಿದ ಮೇಲೆ ಗಾಳಿಗೆ ಆರಿದರೆ ಮತ್ತೆ ಹಚ್ಚಲೇಬೇಕೆಂಬ ಕಟ್ಟುಪಾಡಿಲ್ಲ. ಹಚ್ಚುವವರು ಹಚ್ಚುತ್ತಾರೆ, ಅದು ಬೇರೆ. ವಿದ್ಯುತ್ ದೀಪದ ಹನುಕ್ಕಿಯಾ ಕಿಟಕಿಯ ಅಲಂಕಾರಕ್ಕೆ ಸರಿ, ಅದರಿಂದ ವಿಧಿ ಪೂರೈಸದು ಎನ್ನುವುದು ರಬ್ಬಿಗಳಲ್ಲಿ, ಅಂದರೆ ಯಹೂದಿ ಧರ್ಮಗುರುಗಳಲ್ಲಿ, ಹೆಚ್ಚಿನವರ ಅಭಿಪ್ರಾಯ.

‘ಯಹೂದಿಗಳ ದೀಪಾವಳಿ’ ಎಂಬ ಶೀರ್ಷಿಕೆಯನ್ನು ಕಂಡಾಗಲೆಲ್ಲ ನನಗೆ ಸಣ್ಣ ಕಿರಿಕಿರಿಯಾಗುತ್ತದೆ. ಹೋಲಿಕೆಯೇ ಇಲ್ಲವೆಂದಲ್ಲ. ಹೀಬ್ರೂ ತಿಂಗಳು ಅಮಾವಾಸ್ಯೆ ಕಳೆದು ಚಂದ್ರ ಕಂಡಾಗ ಶುರುವಾಗುವಂಥದು. ಕಿಸ್ಲೇವ್ 25 ಎಂದರೆ ನಮ್ಮ ಕಾರ್ತಿಕ ಇಲ್ಲವೇ ಮಾರ್ಗಶಿರ ಬಹುಳದ ದಶಮಿಯ ಆಸುಪಾಸು. ಎಂಟು ರಾತ್ರಿಗಳ ನಡುವೆ ಅಮಾವಾಸ್ಯೆ ಬರುತ್ತದೆ. ಚಳಿಗಾಲದ ಅತಿ ಕತ್ತಲಿನ ರಾತ್ರಿಗಳಿವು. ಆದರೆ ದೀಪಾವಳಿಯಲ್ಲಿ ದೀಪಗಳನ್ನು ಯಾರೂ ಎಣಿಸುವುದಿಲ್ಲ. ಹೆಚ್ಚಿದಷ್ಟೂ ಚೆಂದ, ಬೆಳಕಿನಲ್ಲಿ ಊಟ, ಆಟ, ಅಂಗಡಿಯ ಲೆಕ್ಕಪತ್ರದ ಪೂಜೆ ಎಲ್ಲವೂ ನಡೆಯುತ್ತದೆ. ಹನುಕ್ಕಾದಲ್ಲಿ ಎಣಿಕೆಯೇ ಮುಖ್ಯ, ದುಡ್ಡಿನ ಲೆಕ್ಕವಂತೂ ಅಲ್ಲಿ ನಿಷಿದ್ಧ.

ದೀಪವನ್ನು ಬಳಸುವಂತಿಲ್ಲವಾದರೆ ಅದು ಇರುವುದು ಯಾರಿಗಾಗಿ? ಬೀದಿಗಾಗಿ. ಪವಾಡವನ್ನು ಸಾರುವುದು ಇದರ ಉದ್ದೇಶ. ಆದ್ದರಿಂದ ಮನೆಬಾಗಿಲ ಹೊರಗೆ ಇಡಬೇಕೆಂಬುದು ಹಳೆಯ ನಿಯಮ; ಮಹಡಿಯಲ್ಲಿರುವವರು ಬೀದಿ ಕಡೆಯ ಕಿಟಕಿಯಲ್ಲಿ ಇಡಬೇಕು. ಜೆರುಸಲೇಮಿನ ಹಳೆಯ ಬಡಾವಣೆಗಳಲ್ಲಿ ಗಾಳಿ ತಾಗದಂತೆ ಗಾಜಿನ ಪೆಟ್ಟಿಗೆಯೊಳಗೆ ಇಟ್ಟ ಎಣ್ಣೆದೀಪಗಳು ಈಗಲೂ ಬಾಗಿಲ ಪಕ್ಕದಲ್ಲಿ ಕಾಣುತ್ತವೆ. ಇಪ್ಪತ್ತು ಮೊಳಕ್ಕಿಂತ ಎತ್ತರದಲ್ಲಿಟ್ಟರೆ ನಡೆಯದು, ಅಷ್ಟು ಮೇಲಕ್ಕೆ ದಾರಿಹೋಕರ ಕಣ್ಣು ಹೋಗುವುದಿಲ್ಲ. ಎಷ್ಟು ಹೊತ್ತು ಉರಿಯಬೇಕು? ಮಾರುಕಟ್ಟೆಯಲ್ಲಿ ಕಾಲಸಪ್ಪಳ ನಿಲ್ಲುವವರೆಗೆ. ಯಾರ ಕಾಲು ಎಂದು ಕೇಳಿದರೆ, ತರ್ಮೋದಿನವರದು. ತರ್ಮೋದ್ ಎಂದರೆ ಸಿರಿಯಾದ ಪಾಲ್ಮೈರಾ. ಅಲ್ಲಿಂದ ಬಂದವರು ಪುಳ್ಳೆಸೌದೆ ಮಾರುತ್ತಿದ್ದರು. ಕತ್ತಲಾದ ಮೇಲೆ ಮನೆಗೆ ಬಂದು ಒಲೆ ಹೊತ್ತಿಸಲು ಸೌದೆಯಿಲ್ಲವೆಂದು ಓಡಿಬರುವ ಗಿರಾಕಿಗಳಿಗಾಗಿ ಎಲ್ಲರಿಗಿಂತ ತಡವಾಗಿ ಅಂಗಡಿ ಎತ್ತುತ್ತಿದ್ದರು. ಸಂತೆಯ ಕೊನೆಯ ಸೌದೆ ಮಾರುವವನೂ ದೀಪ ಕಂಡು ಹೋಗಲಿ ಎಂಬ ಈ ಲೆಕ್ಕವೇ ಮುಂದೆ ‘ಅರ್ಧ ಗಂಟೆ’ ಎಂಬ ಒಣ ನಿಯಮವಾಗಿ ಉಳಿಯಿತು.

ಅಪಾಯದ ಕಾಲದಲ್ಲಿ ಏನು ಮಾಡಬೇಕೆಂಬುದನ್ನೂ ತಾಲ್ಮುದ್‌ನ ಅದೇ ಪುಟ ಹೇಳುತ್ತದೆ: ಒಳಗೆ ಮೇಜಿನ ಮೇಲೆ ಇಟ್ಟರೆ ಸಾಕು. ಈ ಅನುಮತಿ ಯಹೂದಿಗಳಿಗೆ ಶತಮಾನಗಳ ಕಾಲ ಬೇಕಾಯಿತು. ಅದನ್ನು ಬಳಸದವರ ಚಿತ್ರವೊಂದು ಉಳಿದಿದೆ. 1931ರ ಡಿಸೆಂಬರ್‌ನಲ್ಲಿ ಜರ್ಮನಿಯ ಕೀಲ್ ನಗರದಲ್ಲಿ ರಬ್ಬಿ ಅಕಿವ ಪೋಸ್ನರ್ ಅವರ ಪತ್ನಿ ರಾಹೆಲ್ ತಮ್ಮ ಮನೆಯ ಕಿಟಕಿಯಲ್ಲಿಟ್ಟ ಹನುಕ್ಕಿಯಾದ ಫೋಟೊ ತೆಗೆದರು. ಕಿಟಕಿಯಾಚೆ, ಬೀದಿಯ ಆ ಬದಿಯ ಕಟ್ಟಡದ ಮೇಲೆ ನಾಜಿ ಬಾವುಟ ನೇತಾಡುತ್ತಿದೆ. ಹಿಟ್ಲರ್ ಅಧಿಕಾರಕ್ಕೆ ಬರಲು ಇನ್ನೂ ಒಂದು ವರ್ಷಕ್ಕೂ ಹೆಚ್ಚು ಕಾಲವಿತ್ತು. ಯಹೂದ್ಯ ಸಾಯಲಿ ಎನ್ನುತ್ತದೆ ಬಾವುಟ, ಯಹೂದ್ಯ ಎಂದೆಂದೂ ಬಾಳುತ್ತದೆ ಎನ್ನುತ್ತದೆ ದೀಪ ಎಂಬ ಅರ್ಥದ ಸಾಲುಗಳನ್ನು ರಾಹೆಲ್ ಫೋಟೊದ ಬೆನ್ನಿಗೆ ಬರೆದಿಟ್ಟರು. ಕುಟುಂಬ ಸಕಾಲದಲ್ಲಿ ದೇಶ ಬಿಟ್ಟು ಉಳಿದುಕೊಂಡಿತು. ಆ ಹನುಕ್ಕಿಯಾ ಈಗ ಜೆರುಸಲೇಮಿನಲ್ಲಿ ನಾಜಿ ನರಮೇಧದ ನೆನಪಿಗಿರುವ ಯಾದ್ ವಶೆಮ್ ಸ್ಮಾರಕದಲ್ಲಿದೆ. ಹಬ್ಬ ಬಂದಾಗ ಮನೆಯವರಿಗೆ ಮರಳಿ ಹೋಗುತ್ತದೆ, ದೀಪ ಹಚ್ಚುವುದಕ್ಕೆ.

ಭಾರತದ ಯಹೂದಿಗಳ ಬಗ್ಗೆಯೂ ಒಂದೆರಡು ಮಾತು. ಕೊಂಕಣ ತೀರದ ಬೆನೆ ಇಸ್ರೇಲ್ ಸಮುದಾಯದವರು ಗಾಣ ಆಡಿಸಿ ಎಣ್ಣೆ ತೆಗೆಯುವ ಕಸುಬಿನವರಾಗಿದ್ದರು. ಸಬ್ಬತ್ ದಿನ ಗಾಣ ಕಟ್ಟುತ್ತಿರಲಿಲ್ಲವಾದ್ದರಿಂದ ಮರಾಠಿಯಲ್ಲಿ ಅವರಿಗೆ ‘ಶನಿವಾರ ತೇಲಿ’ ಎಂದು ಹೆಸರಾಯಿತು. ಎಣ್ಣೆಯ ಹಬ್ಬ ಎಣ್ಣೆಯವರಿಗೇ ಗೊತ್ತಿರಲಿಲ್ಲ! ಅವರ ಹಳೆಯ ಆಚರಣೆಗಳಲ್ಲಿ ಹನುಕ್ಕಾ ಇರಲಿಲ್ಲ. ಹೊರಗಿನ ಯಹೂದಿಗಳ ಸಂಪರ್ಕ ಬಂದ ಮೇಲೆ ಕಲಿತರು. ಪುನಃಪ್ರತಿಷ್ಠೆ ನಡೆಯುವ ಮೊದಲೇ ನಮ್ಮ ಪೂರ್ವಜರು ಆ ನಾಡು ಬಿಟ್ಟು ಬಂದಿದ್ದರು ಎಂದು ಅವರು ಕಾರಣ ಕೊಡುತ್ತಾರೆ. ಇತಿಹಾಸಕಾರರು ಇದನ್ನು ಸುಲಭವಾಗಿ ಒಪ್ಪುವುದಿಲ್ಲ, ಆದರೆ ವಾದ ಸೊಗಸಾಗಿದೆ.

ನಮ್ಮ ಮಂಗಳೂರಿಗೂ ಯಹೂದಿ ದೀಪದ ಎಳೆಯೊಂದಿದೆ, ಹನುಕ್ಕಾದ್ದಲ್ಲದಿದ್ದರೂ. ಹನ್ನೆರಡನೆಯ ಶತಮಾನದಲ್ಲಿ ಅಬ್ರಹಾಮ್ ಬೆನ್ ಯಿಜು ಎಂಬ ಯಹೂದಿ ವರ್ತಕ ಮಂಗಳೂರಿನಲ್ಲಿ ನೆಲೆಸಿ, ಕಂಚಿನ ಕೆಲಸದ ಕಾರ್ಖಾನೆ ನಡೆಸುತ್ತಿದ್ದ. ಕೈರೋದ ಸಿನಗಾಗ್ ಒಂದರಲ್ಲಿ ಸಿಕ್ಕ ಹಳೆಯ ಕಾಗದಗಳ ರಾಶಿಯಲ್ಲಿ ಯೆಮೆನ್‌ನ ಬಂದರು ಏಡನ್‌ನಿಂದ ಅವನಿಗೆ ಬಂದ ಪತ್ರಗಳಿವೆ. ಒಂದರಲ್ಲಿ ದೀಪವೊಂದನ್ನು ಮಾಡಿಸಿ ಕಳುಹಿಸೆಂದು ಬೇಡಿಕೆ: ಎಂಟು ಮೂಲೆಯ ಗಟ್ಟಿ ಕಂಬವಿರಬೇಕು, ಮೇಲೆ ಎರಡು ಬತ್ತಿಯ ಹಣತೆ, ಪೀಠ, ಕಂಬ, ಹಣತೆ ಮೂರೂ ಬಿಡಿಸಿಡುವಂತಿರಬೇಕು. ಎರಡೇ ಬತ್ತಿಯಾದ್ದರಿಂದ ಇದು ದಿನಬಳಕೆಯ ದೀಪ, ಬೆಳಕನ್ನು ಧಾರಾಳವಾಗಿ ಬಳಸುವಂಥದು. ನಮ್ಮ ಕರಾವಳಿಯ ಕಂಚುಗಾರರ ಕೈಯಲ್ಲಿ ತಯಾರಾಗುವ ದೀಪಕ್ಕೆ ಏಡನ್‌ನಲ್ಲಿ ಕಾದು ಕುಳಿತವರಿದ್ದರು ಎನ್ನುವುದು ಸಣ್ಣ ಸಂಗತಿಯೇನಲ್ಲ.

ಇನ್ನು, ಇಂಥ ಮನೆಗೆ ನಿಮ್ಮನ್ನು ಕರೆದರೆ ಏನು ಮಾಡಬೇಕೆಂದು ಮುಂದಿನ ಪ್ರಶ್ನೆ ಬರಬಹುದು. ಇಸ್ರೇಲಿನಲ್ಲೂ ಅಮೆರಿಕದಲ್ಲೂ ಇರುವ ಕನ್ನಡಿಗರಿಗೆ ಇಂಥ ಆಹ್ವಾನ ಬರುವುದುಂಟು. ವಿಶೇಷ ಸಿದ್ಧತೆ ಬೇಡ. ಎಣ್ಣೆಯ ಹಬ್ಬವಾದ್ದರಿಂದ ಎಣ್ಣೆಯಲ್ಲಿ ಕರಿದದ್ದು ತಿನ್ನಲು ಸಿಗುತ್ತದೆ: ಅಮೆರಿಕದಲ್ಲಿ ಆಲೂಗಡ್ಡೆಯ ಲಾಟ್ಕೆ, ಇಸ್ರೇಲಿನಲ್ಲಿ ಒಳಗೆ ಜಾಮ್ ತುಂಬಿದ ಸುಫ್ಗಾನಿಯೋತ್. ದೀಪದ ಬತ್ತಿಯಿಂದ ಏನನ್ನೂ ಹೊತ್ತಿಸಲು ಹೋಗಬೇಡಿ. ತಿಂಡಿ ಬರುವುದು ತುಸು ತಡವಾದರೆ ಬೇಸರ ಬೇಡ. ‘ಅವರೂ ಆ ಪವಾಡದಲ್ಲಿ ಇದ್ದರು’ ಎಂದು ಹೆಂಗಸರಿಗೂ ದೀಪ ಹಚ್ಚುವ ಕರ್ತವ್ಯವನ್ನು ತಾಲ್ಮುದ್ ವಿಧಿಸಿದೆ. ಅದರ ಜೊತೆಗೇ ಬೆಳೆದುಬಂದ ರೂಢಿಯೊಂದಿದೆ. ಬತ್ತಿಗಳು ಉರಿಯುತ್ತಿರುವಷ್ಟು ಹೊತ್ತು ಮನೆಯ ಹೆಂಗಸರು ಯಾವ ಕೆಲಸವನ್ನೂ ಮುಟ್ಟದೆ ಕೂತಿರುತ್ತಾರೆ. ಆ ಅರ್ಧ ಗಂಟೆ ನೀವೂ ಅವರ ಪಕ್ಕದಲ್ಲಿ ಕೂತು ಕಿಟಕಿಯ ಕಡೆ ನೋಡಬಹುದು.